ಎದುರು ತೂಕ

ಫೆಬ್ರವರಿ 6

ದಿನಾ ಬರೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ಎಲ್ಲಿ ನೋವು, ಎಷ್ಟು ನೋವು, ಏನು ಮಾಡಿದಾಗ ನೋವು. ಯಾರಿಗೂ ತೋರಿಸಬೇಕಾಗಿಲ್ಲ, ನನಗೆ ಗೊತ್ತಾದರೆ ಸಾಕಂತೆ. ಸರಿ. ಸೊಂಟದಲ್ಲಿ ನೋವು. ಬಹಳ ನೋವು. ಏನೂ ಮಾಡದಿದ್ದಾಗಲೂ ನೋವು.

ಲಿಫ್ಟ್ ಮೆಕ್ಯಾನಿಕ್ ಆಗಿ ಮೋಟಾರು ಹೊತ್ತಿದ್ದೇನೆ, ಉಕ್ಕಿನ ಹಗ್ಗದ ಸುರುಳಿ ಹೊತ್ತಿದ್ದೇನೆ, ಕತ್ತಲ ಬಾವಿಯಂಥ ಜಾಗದಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡಿದ್ದೇನೆ. ಆಗೆಲ್ಲ ತೆಪ್ಪಗಿದ್ದ ಸೊಂಟ, ಮೊನ್ನೆ ಬೆಳಿಗ್ಗೆ ಮಗಳನ್ನು ಮಂಚದಿಂದ ಗಾಲಿಕುರ್ಚಿಗೆ ಎತ್ತುವಾಗ ಕಟಕ್ಕೆಂದಿತು. ಅವಳನ್ನು ಬೀಳಿಸಲಿಲ್ಲ, ಅದೊಂದು ಸಮಾಧಾನ. ಕುರ್ಚಿಯಲ್ಲಿ ಕೂರಿಸಿಯೇ ನೆಲಕ್ಕೆ ಕುಸಿದೆ. ಅವಳು ಬಗ್ಗಿ ನೋಡಿ, "ಈಗ ನಿನ್ನನ್ನ ಯಾರಪ್ಪ ಎತ್ತೋದು?" ಎಂದಳು. ನಗು ಬಂತು. ನಕ್ಕರೆ ಜೀವ ಹೋಗುವಷ್ಟು ನೋವು.

ಅವಳಿಗೆ ಹದಿನೆಂಟು. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಎರಡೂ ಕಾಲು ಬಿಗಿದುಕೊಂಡವು. ಸೆರೆಬ್ರಲ್ ಪಾಲ್ಸಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕುರ್ಚಿಯಲ್ಲಿ ಕೂತೇ ಮನೆಮಂದಿಯನ್ನೆಲ್ಲ ಕುಣಿಸುವುದರಿಂದ ನಾನು ಮ್ಯಾನೇಜರ್ ಎಂದು ಕರೆಯುತ್ತೇನೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಟಾಯ್ಲೆಟ್ಟಿಗೆ, ಅಲ್ಲಿಂದ ಮತ್ತೆ ಕುರ್ಚಿಗೆ, ಇಷ್ಟು ವರ್ಷವೂ ಎತ್ತಿದವನು ನಾನೇ. ಇನ್ನು ನೀರಿನ ಜಗ್ಗಿಗಿಂತ ಭಾರದ್ದೇನೂ ಎತ್ತಕೂಡದಂತೆ. ಎಲ್ಲಿಯವರೆಗೆ ಎಂದು ಡಾಕ್ಟರು ಹೇಳಲಿಲ್ಲ.

ಫೆಬ್ರವರಿ 11

ಈಗ ಎತ್ತುವುದು ನನ್ನ ಹೆಂಡತಿ. ಪುಸ್ತಕ ಬೈಂಡಿಂಗ್ ಮಾಡುವ ಕಡೆ ದಿನವಿಡೀ ನಿಂತು ಕೆಲಸ ಮಾಡಿ ಬರುತ್ತಾಳೆ, ಎತ್ತರದಲ್ಲಿ ನನ್ನ ಹೆಗಲಿಗೆ ಬರುತ್ತಾಳೆ. ಅವಳು ಮಗಳನ್ನು ಎತ್ತುವುದನ್ನು ಹಾಸಿಗೆಯಲ್ಲಿ ಮಲಗಿ ನೋಡುವುದಕ್ಕಿಂತ ಸೊಂಟದ ನೋವೇ ವಾಸಿ.

ಇದೇ ಹೊತ್ತಿಗೆ ಮ್ಯಾನೇಜರ್ ಬಾಂಬು ಹಾಕಿದಳು. ಹಲ್ಲು ಕಟ್ಟುವ ಕೋರ್ಸಿಗೆ ಸೀಟು ಸಿಕ್ಕಿದೆ. ಹಲ್ಲು ಕೀಳುವುದಲ್ಲ, ಕಿತ್ತ ಮೇಲೆ ಹಾಕಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವುದು. ಕೂತು ಮಾಡುವ ಕೆಲಸ. ಎರಡು ವರ್ಷ, ಬೇರೆ ಊರು, ಹಾಸ್ಟೆಲ್ಲು. ಆಗಸ್ಟಿನಲ್ಲಿ ಶುರು. ಆದರೆ ಹಾಸ್ಟೆಲ್ಲಿನಲ್ಲಿ ಎತ್ತುವವರು ಯಾರೂ ಇಲ್ಲ. ಮಂಚ, ಕುರ್ಚಿ, ಟಾಯ್ಲೆಟ್ಟು ಇಷ್ಟನ್ನು ಅವಳೇ ಯಾರ ಕೈಯೂ ಇಲ್ಲದೆ ನಿಭಾಯಿಸಬೇಕು. ಜುಲೈಯಲ್ಲಿ ವಾರ್ಡನ್ ಕಣ್ಣಾರೆ ನೋಡಿ ಒಪ್ಪಿದರೆ ಮಾತ್ರ ಸೀಟು ಉಳಿಯುತ್ತದೆ.

ನೋಡೋಣ ಎಂದೆ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದು ಅರ್ಥ. ಅವಳಿಗೂ ಗೊತ್ತು. ತಾನೇ ಏಳುವುದು, ಕೂರುವುದು ಕಲಿಸುವ ಕಡೆ ನಾಳೆಯಿಂದಲೇ ಟ್ರೈನಿಂಗಿಗೆ ಹೋಗುತ್ತೇನೆ ಎಂದಳು.

ಫೆಬ್ರವರಿ 20

ಸೊಂಟ ಸ್ವಲ್ಪ ವಾಸಿ. ನಾನೂ ಟ್ರೈನಿಂಗ್ ಹಾಲಿಗೆ ಹೋಗಿದ್ದೆ.

ಹಳೆಯ ಗೋದಾಮು. ನೆಲಕ್ಕೆ ರಬ್ಬರು, ಗೋಡೆಗೆ ಕಂಬಿ. ಮಗಳಂಥವರೇ ಏಳೆಂಟು ಜನ ಹುಡುಗ ಹುಡುಗಿಯರು. ಕೋಚು ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು, ಹಿಂದೆ ಭಾರ ಎತ್ತುವ ಸ್ಪರ್ಧೆಗಳಲ್ಲಿ ಇದ್ದವಳು. ಮಕ್ಕಳನ್ನು ಅಯ್ಯೋ ಪಾಪ ಎನ್ನುವುದಿಲ್ಲ. ಯಾರಾದರೂ ಸುಸ್ತು ಎಂದರೆ, "ಆಗ್ಲೇಬೇಕು, ಅದಕ್ಕೇ ಬಂದಿರೋದು," ಎನ್ನುತ್ತಾಳೆ.

ನಾವು ಚಿಕ್ಕಂದಿನಿಂದ ಕೇಳಿದ್ದು ಬೇರೆ. ಇಂಥ ಕಾಲುಗಳಿಗೆ ಭಾರದ ಕಸರತ್ತು ಮಾಡಿಸಿದರೆ ಬಿಗಿತ ಜಾಸ್ತಿಯಾಗುತ್ತದೆ, ಎಳೆದು ನೀವಿದರೆ ಸಾಕು ಎಂದಿದ್ದರು. ಅದು ಹಳೇ ಮಾತು ಎಂದಳು ಕೋಚು. ಬಿಗಿತ ಬೇರೆ, ಶಕ್ತಿ ಬೇರೆ. ಬಿಗಿದಿರುವ ಕಾಲು ಗಟ್ಟಿ ಕಾಲಲ್ಲ, ಕೆಲಸವೇ ಕೊಡದೆ ಸೊರಗಿಸಿದ ಕಾಲು. ಮಗಳನ್ನು ನಡೆಸುವ ಆಸೆ ಕೋಚಿಗಿಲ್ಲ. ತಿರುಗಾಡುವುದಕ್ಕೆ ಕುರ್ಚಿ ಇದೆ. ಕೂತಲ್ಲಿಂದ ಎದ್ದು, ಅರೆ ಸುತ್ತು ತಿರುಗಿ, ಪಕ್ಕದಲ್ಲಿ ಕೂರುವುದು ಬಂದರೆ ಸಾಕು.

ಇವತ್ತು ನಾವು ಎತ್ತರದ ಬೆಂಚಿನಿಂದ ನಾಲ್ಕು ಸಲ ಎದ್ದೆವು. ಅವಳು ಎದ್ದಾಗಲೆಲ್ಲ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತಂತೆ, ಅದೂ ನಾನು ಕೂತಿದ್ದ ಆಚೆ ಗೋಡೆಯ ಹತ್ತಿರದಿಂದ. ಕೋಚು ಬಂದು, ಕೈ ಮೇಲೆ ಕೂತ್ಕೊಳ್ಳಿ ಎಂದಳು. ತಮಾಷೆ ಎಂದುಕೊಂಡೆ. ಅಲ್ಲ. ಒಂದು ಗಂಟೆ ನನ್ನ ಕೈ ಮೇಲೆ ನಾನೇ ಕೂತಿದ್ದೆ. ಇನ್ನೂ ಜೋಮು ಇದೆ.

ಮಾರ್ಚ್ 4

ಸುಮ್ಮನೆ ಮನೆಯಲ್ಲಿ ಕೂತು ತಲೆ ಕೆಟ್ಟಿತ್ತು. ಅವಳ ಕೋಣೆಯಲ್ಲಿ ಒಂದು ಯಂತ್ರ ಮಾಡಿದೆ.

ಲಿಫ್ಟನ್ನು ಮೋಟಾರು ಒಂದೇ ಎತ್ತುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಕಬ್ಬಿಣದ ಎದುರು ತೂಕ ನೇತಾಡುತ್ತಿರುತ್ತದೆ. ಪೆಟ್ಟಿಗೆ ಮೇಲೇರುವಾಗ ಅದು ಕೆಳಗಿಳಿಯುತ್ತದೆ. ಅರ್ಧ ಭಾರವನ್ನು ಅದೇ ಹೊರುತ್ತದೆ, ಉಳಿದದ್ದಕ್ಕೆ ಮೋಟಾರು. ಇಲ್ಲೂ ಅದೇ ಲೆಕ್ಕ. ಛಾವಣಿಗೆ ರಾಟೆ. ಹಗ್ಗದ ಈ ತುದಿಗೆ ಅವಳ ಸೊಂಟದ ಪಟ್ಟಿ, ಆ ತುದಿಗೆ ಕ್ಯಾನ್ವಾಸ್ ಚೀಲ, ಚೀಲದಲ್ಲಿ ಕಬ್ಬಿಣದ ತುಂಡುಗಳು. ಗೋಡೆಗೆ ಬಡಿಯದಿರಲಿ ಎಂದು ಚೀಲಕ್ಕೆ ದಿಂಬಿನ ಗವಸು. ಚೀಲ ಇಳಿದಷ್ಟೂ ಅವಳು ಹಗುರ. ಪ್ರತಿ ಭಾನುವಾರ ಒಂದು ತುಂಡು ತೆಗೆಯುತ್ತಾ ಹೋಗುವುದು. ಕೊನೆಗೆ ಚೀಲ ಖಾಲಿ, ಪೂರಾ ಭಾರ ಅವಳ ಕಾಲಿನ ಮೇಲೆ.

ಕೋಚು ಬಂದು ನೋಡಿ ಹಗ್ಗ ಜಗ್ಗಿ ಪರೀಕ್ಷಿಸಿದಳು. ಏನೂ ಕೊಂಕು ತೆಗೆಯಲಿಲ್ಲ, ಅವಳ ಮಟ್ಟಿಗೆ ಅದೇ ದೊಡ್ಡ ಹೊಗಳಿಕೆ. ನಾವು ಸಂಜೆ ಮಂಚದಿಂದ ಎದ್ದು ಕುರ್ಚಿಯಲ್ಲಿ ಕೂತೆವು. ಯಾರೂ ಮುಟ್ಟಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತವಳು ಸೌಟು ಹಿಡಿದೇ ಅತ್ತಳು. ನನಗೂ ಸಂತೋಷವಾಯಿತು.

ಮಾರ್ಚ್ 16

ಎರಡು ತುಂಡು ತೆಗೆದಾಯಿತು. ಸೊಂಟ ಪರವಾಗಿಲ್ಲ.

ಮಾರ್ಚ್ 29

ಮೂರನೆಯದು ತೆಗೆದ ಮೇಲೆ ಕಷ್ಟವಾಗಿದೆ. ಇವತ್ತು ಹತ್ತು ಸಲ ಎದ್ದು ಹನ್ನೊಂದಕ್ಕೆ ಕಾಲು ಕತ್ತರಿಯ ಹಾಗೆ ಹೆಣೆದುಕೊಂಡಿತು. ತೊಡೆ ನಡುಗುತ್ತಿತ್ತು. ಮುಖ ದಿಂಬಿನಲ್ಲಿ ಹುದುಗಿಸಿ ಅತ್ತಳು. ಚಿಕ್ಕವಳಿದ್ದಾಗ ಅತ್ತರೆ ಎತ್ತಿಕೊಂಡು ಓಡಾಡುತ್ತಿದ್ದೆ. ಈಗ ಆ ದಾರಿಯೂ ಇಲ್ಲ.

ಅವಳು ಟ್ರೈನಿಂಗ್ ಹಾಲಿಗೆ ಹೋದಾಗ ಗವಸಿನ ತಳಕ್ಕೆ ಒಂದು ಕಬ್ಬಿಣದ ತಗಡು ಸೇರಿಸಿದೆ. ನಾಳೆ ಸ್ವಲ್ಪ ಸಲೀಸಾಗಲಿ. ಒಂದು ವಾರದ ಮಟ್ಟಿಗೆ.

ಏಪ್ರಿಲ್ 6

ನಾಲ್ಕನೇ ತುಂಡು ಅವಳ ಎದುರಿಗೇ ತೆಗೆದೆ. ಆಮೇಲೆ ಇನ್ನೊಂದು ತಗಡು ಹಾಕಿದೆ.

ಏಪ್ರಿಲ್ 19

ಇನ್ನೊಂದು.

ಏಪ್ರಿಲ್ 27

ಮನೆಯಲ್ಲಿ ಹಬ್ಬದ ಕಳೆ. ಚೀಲದಲ್ಲಿ ಉಳಿದಿರುವುದು ಒಂದೇ ತುಂಡು, ಅಂದರೆ ಅವಳ ಲೆಕ್ಕದಲ್ಲಿ. ಕಾಲಿನ ನಡುಕವೂ ನಿಂತಿದೆ. ಮೇಣದಲ್ಲಿ ದವಡೆ ಹಲ್ಲು ಕೆತ್ತುವ ಅಭ್ಯಾಸ ಮಾಡುತ್ತಾ ಹಾಡಿಕೊಳ್ಳುತ್ತಿದ್ದಳು. ನಮ್ಮಿಬ್ಬರ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿ, ಅಪ್ಪನ ಹಲ್ಲು ನೋಡಿದರೆ ತನ್ನ ಕೆಲಸಕ್ಕೆ ಬರವಿಲ್ಲ ಎಂದಳು.

ನಾನೂ ಸಿಳ್ಳೆ ಹಾಕುತ್ತಿದ್ದೆನಂತೆ. "ಏನ್ರೀ, ಅವಳು ಹೋಗ್ತಾಳೆ ಅಂದ್ರೆ ನೀವೇ ಮೊದ್ಲು ಮುಖ ಗಂಟು ಹಾಕ್ತೀರ ಅಂದ್ಕೊಂಡಿದ್ದೆ," ಎಂದಳು ಇವಳು. ಜುಲೈಗೆ ಇನ್ನೂ ಟೈಮಿದೆ ಎಂದೆ.

ಮೇ 8

ಟ್ರೈನಿಂಗ್ ಹಾಲಿನಲ್ಲಿ ಇವತ್ತು ಕೋಚು ಮಂಚದ ಎತ್ತರಕ್ಕೇ ಬೆಂಚು ಇಳಿಸಿ, ಹಗ್ಗವಿಲ್ಲದೆ ಏಳು ಎಂದಳು. ಮನೆಯಲ್ಲಿ ಒಂದೇ ತುಂಡಿನ ಆಸರೆಗೆ ಬಂದಿದ್ದಾಳೆ, ಆಗಲೇಬೇಕು ಎಂದು ಅವಳ ಲೆಕ್ಕ.

ಆಗಲಿಲ್ಲ. ಬೆಂಚಿನಿಂದ ಒಂದು ಗೇಣು ಎದ್ದು ದೊಪ್ಪನೆ ಕೂತಳು. ಮತ್ತೆ. ಮತ್ತೆ. ಕೊನೆಗೆ ಪಕ್ಕಕ್ಕೆ ವಾಲಿ ರಬ್ಬರು ನೆಲದ ಮೇಲೆ ಬಿದ್ದಳು. ಬೇರೆ ಹುಡುಗರೆಲ್ಲ ನೋಡುತ್ತಿದ್ದರು. ಕೋಚು ತಲೆ ಕೆರೆದುಕೊಂಡು ನನ್ನನ್ನು ನೋಡಿದಳು. ನಾನು ಕೈ ಮೇಲೆ ಕೂತಿದ್ದೆ.

ಬಸ್ಸಿನಲ್ಲಿ ಮಗಳು ಬೆರಳು ಮಡಿಚಿ ತುಂಡುಗಳ ಲೆಕ್ಕ ಹಾಕುತ್ತಿದ್ದಳು. ಮನೆಗೆ ಬಂದವಳೇ ಸೀದಾ ಕೋಣೆಗೆ ಹೋಗಿ, ಆ ಚೀಲ ಬಿಚ್ಚಿ ತೂಕದ ಮೆಷಿನ್ ಮೇಲಿಡಮ್ಮ ಎಂದು ತಾಯಿಗೆ ಹೇಳಿದಳು. ಇವಳು ಇಟ್ಟಳು. ಒಂದು ತುಂಡಿನ ತೂಕ ಎಷ್ಟಿರಬೇಕೋ ಅದರ ನಾಲ್ಕು ಪಟ್ಟು. ಗವಸು ಕೊಡವಿದಾಗ ತಗಡುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ಅಪ್ಪ, ಹತ್ತು ಜನರ ಲಿಫ್ಟಿಗೆ ನಾಲ್ಕು ಜನಾನ ಹತ್ತಿಸಿ ಪಾಸ್ ಅಂತ ಬರೀತೀಯಾ?"

ಇಲ್ಲ ಎಂದೆ.

"ಯಾಕೆ?"

ಉತ್ತರ ಅವಳಿಗೇ ಗೊತ್ತು. ಪೂರ್ತಿ ಭಾರ ಇಟ್ಟು ನೋಡದೆ ಒಂದೇ ಒಂದು ಲಿಫ್ಟನ್ನೂ ಪಾಸು ಮಾಡಿದವನಲ್ಲ ನಾನು ಎಂದು ಮನೆಯಲ್ಲಿ ಎಷ್ಟು ಸಲ ಕೊಚ್ಚಿಕೊಂಡಿಲ್ಲ. ಆದರೂ ಹೇಳಿಸಿಯೇ ಬಿಟ್ಟಳು.

"ಹತ್ತೋರು ನಂಬಿ ಹತ್ತಿರ್ತಾರೆ."

"ನಾನೂ ನಂಬಿದ್ದೆ," ಎಂದಳು.

ಮೇ 9

ಬೈಂಡಿಂಗಿಗೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು. "ಅವಳು ಅಳ್ತಾಳೆ ಅಂತ ಹಾಕಿದ್ರೋ, ಹೋಗ್ತಾಳೆ ಅಂತ ಹಾಕಿದ್ರೋ?"

ಏನು ಮಾತು ಇದು ಎಂದು ರೇಗಿದೆ. ಅವಳು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಗೊತ್ತಾಗಲಿಲ್ಲ. ನಾಚಿಕೆಯಾಯಿತು, ಅಷ್ಟು ಮಾತ್ರ ಗೊತ್ತು.

ಮೇ 17

ಮಗಳು ರಾಟೆ ಬಿಚ್ಚಿಸಿದ್ದಾಳೆ. ಕೋಚು ಹೊಸ ಕ್ರಮ ಹೇಳಿಕೊಟ್ಟಿದ್ದಾಳೆ. ಹಾಸಿಗೆ ಮೇಲೆ ಹಾಸಿಗೆ ಪೇರಿಸಿ ಮಂಚ ಎತ್ತರ ಮಾಡಿಕೊಳ್ಳುವುದು, ಅಲ್ಲಿಂದ ಏಳುವುದು ಸಲೀಸಾದ ಮೇಲೆ ಒಂದೊಂದೇ ತೆಗೆದು ತಗ್ಗಿಸುವುದು. ಇದರಲ್ಲಿ ಮೋಸ ಮಾಡಲು ಜಾಗವಿಲ್ಲ, ಕಣ್ಣಿಗೆ ಕಾಣುತ್ತದೆ. ಕಳೆದುಹೋದ ವಾರಗಳು ವಾಪಸು ಬರುವುದಿಲ್ಲ ಎಂದೂ ಕೋಚು ನನ್ನ ಮುಖ ನೋಡಿಕೊಂಡೇ ಹೇಳಿದಳು.

ಕಸರತ್ತಿನ ಹೊತ್ತಿಗೆ ನನಗೆ ಕೋಣೆಯೊಳಗೆ ಪ್ರವೇಶವಿಲ್ಲ. ಹೊರಗೆ ಕೂತು ಕೇಳುತ್ತೇನೆ. ಮಂಚ ಕಿರ್ ಎನ್ನುತ್ತದೆ, ಆಮೇಲೆ ಉಸಿರು, ಆಮೇಲೆ ಕುರ್ಚಿಯ ಚರ್ಮದ ಸದ್ದು. ಕುರ್ಚಿಯ ಸದ್ದು ಬರದಿದ್ದರೆ ಆಗಲಿಲ್ಲ ಎಂದು ಅರ್ಥ. ಮಾತು ಬೇಕಾದಷ್ಟೇ. ಉಪ್ಪು ಕೊಡು, ಬಾಗಿಲು ಹಾಕು. ಮ್ಯಾನೇಜರ್ ಎಂದು ಕರೆದೆ, ತಿರುಗಿ ನೋಡಲಿಲ್ಲ.

ಜೂನ್ 3

ಮೇಲಿನ ಹಾಸಿಗೆ ತೆಗೆದಳು.

ಜೂನ್ 22

ಇವತ್ತಿನದು ಬರೆಯಲೇಬೇಕು.

ಬೈಂಡಿಂಗಿನಲ್ಲಿ ಶಾಲೆಪುಸ್ತಕಗಳ ಸೀಸನ್, ಇವಳಿಗೆ ಭಾನುವಾರವೂ ಕೆಲಸ. ಮನೆಯಲ್ಲಿ ನಾವಿಬ್ಬರೇ. ಮಗಳು ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡಳು. ಚಿಲಕ ಹಾಕುವುದು ಈಚೆಗೆ ಕಲಿತದ್ದು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ದೊಪ್ ಎಂದು ಸದ್ದಾಯಿತು, ಹಿಂದೆಯೇ ಬಕೆಟ್ಟು ಉರುಳಿದ್ದು.

ಒಂದೇ ಓಟಕ್ಕೆ ಬಾಗಿಲ ಹತ್ತಿರ ಹೋದೆ. ಆ ಚಿಲಕ ನಾನೇ ಕೂರಿಸಿದ್ದು, ಭುಜ ಕೊಟ್ಟು ಒಂದು ಸಲ ನೂಕಿದರೆ ಕಿತ್ತು ಬರುತ್ತದೆ.

"ಪೆಟ್ಟಾಯ್ತಾ?"

"ಇಲ್ಲ. ಒಳಗೆ ಬರಬೇಡ."

"ನೆಲ ಒದ್ದೆ ಇದ್ಯಾ?"

"ಅಪ್ಪ, ಬರಬೇಡ ಅಂದೆ."

ನಿಂತೆ. ನಿಲ್ಲಲಾಗದೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಒಳಗೆ ಬಟ್ಟೆ ನೆಲಕ್ಕೆ ಉಜ್ಜುವ ಸದ್ದು. ಕಂಬಿ ಹಿಡಿದಂತಾಯಿತು, ಕೈ ಜಾರಿತು. ಬೈದುಕೊಂಡಳು, ಆ ಮಾತು ಎಲ್ಲಿ ಕಲಿತಳೋ. ಮತ್ತೆ ಹಿಡಿದಳು. ಮಧ್ಯೆ ಸದ್ದೇ ಇಲ್ಲ. ಆಗ ಅಳುತ್ತಿದ್ದಳೋ, ಸುಧಾರಿಸಿಕೊಳ್ಳುತ್ತಿದ್ದಳೋ ಬಾಗಿಲ ಈಚೆಗೆ ತಿಳಿಯುವುದಿಲ್ಲ. ನಾನಂತೂ ಅತ್ತೆ. ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದೂ ಸ್ಟಾರ್ಟ್ ಆಗುತ್ತಿರಲಿಲ್ಲ.

ಮಂಡಿ ಊರಿದಳು, ಅದು ಗೊತ್ತಾಯಿತು. ಉಸಿರು ಬಿಗಿಹಿಡಿದಳು. ಮೊದಲಾಗಿದ್ದರೆ ಇದೇ ಹೊತ್ತಿಗೆ ಅವಳ ಬಗಲಿನ ಕೆಳಗೆ ಕೈ ಕೊಡುತ್ತಿದ್ದೆ. ಕುರ್ಚಿಯ ಸದ್ದು ಬಂತು.

ಚಿಲಕ ತೆಗೆದು ಹೊರಗೆ ಬಂದಳು. ಬಟ್ಟೆಯೆಲ್ಲ ಒದ್ದೆ, ಮೊಣಕೈ ತರಚಿತ್ತು. ನೆಲದ ಮೇಲೆ ಕೂತ ನನ್ನನ್ನು ನೋಡಿ, ದಾರಿ ಬಿಡಪ್ಪ ಎಂದಳು. ಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಕೋಣೆಯಿಂದ, ಕಾಫಿ ಮಾಡ್ತೀಯಾ ಎಂದು ಕೇಳಿದಳು. ಮೇ ತಿಂಗಳಿಂದ ಉಪ್ಪು ಬಿಟ್ಟರೆ ನನ್ನನ್ನು ಏನನ್ನೂ ಕೇಳಿರಲಿಲ್ಲ. ಕಾಫಿಗೆ ಎರಡು ಸಲ ಸಕ್ಕರೆ ಹಾಕಿಬಿಟ್ಟೆ, ಪೂರಾ ಕುಡಿದಳು.

ಜುಲೈ 2

ಡಾಕ್ಟರು ನೋಡಿ, ಸೊಂಟ ಪೂರ್ತಿ ವಾಸಿ ಎಂದರು. ಇನ್ನು ಹದವಾಗಿ ಭಾರ ಎತ್ತಬಹುದು. ಮನೆಯಲ್ಲಿ ಹೇಳಲಿಲ್ಲ, ಮರೆತೇಹೋಯಿತು. ಪೇರಿಸಿದ ಹಾಸಿಗೆಗಳೆಲ್ಲ ತೆಗೆದು ಇವತ್ತು ಅವಳು ಬರೀ ಮಂಚದಿಂದ ಎದ್ದು ತಿರುಗಿ ಕೂತಳು, ಆ ಗಲಾಟೆಯಲ್ಲಿ.

ಜುಲೈ 14

ಹಾಸ್ಟೆಲ್ಲಿಗೆ ಹೋಗಿಬಂದೆವು. ಇವಳಿಗೆ ರಜೆ ಸಿಗಲಿಲ್ಲ.

ವಾರ್ಡನ್ ವಯಸ್ಸಾದವರು, ಮೃದುವಾದ ಹೆಂಗಸು. ಕೆಳಮಹಡಿಯ ಕೋಣೆ ತೋರಿಸಿದರು. ಒಳಗೆ ಕಾಲಿಡುತ್ತಲೇ ಗೊತ್ತಾಯಿತು, ಮಂಚ ಎತ್ತರ. ನಮ್ಮ ಮನೆಯದಕ್ಕಿಂತ ಒಂದು ಗೇಣಾದರೂ ಹೆಚ್ಚು. ಎತ್ತರದಿಂದ ಇಳಿಯುವುದು ಸುಲಭ, ಹತ್ತುವುದು ಕಷ್ಟ. ನಾವು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆಲ್ಲ ತಗ್ಗಿನಿಂದ ಏಳುವುದನ್ನು. ಎತ್ತರಕ್ಕೆ ಹತ್ತುವುದನ್ನು ಯಾರೂ ಯೋಚಿಸಿರಲಿಲ್ಲ, ಕೋಚೂ ಕೂಡ. ಮಗಳೂ ನೋಡಿದಳು.

ಟಾಯ್ಲೆಟ್ಟು ಆಯಿತು. ಬೆಂಚು ಆಯಿತು. ಮಂಚಕ್ಕೆ ಬಂದಾಗ ಎದ್ದು ನಿಂತಳು, ತಿರುಗಿದಳು, ಅಂಚು ಸಿಗಲಿಲ್ಲ. ಜಾರಿ ಕುರ್ಚಿಗೆ ಬಿದ್ದಳು. ಎರಡನೇ ಸಲವೂ ಅದೇ. ತೊಡೆ ನಡುಗಲು ಶುರುವಾಯಿತು. ಆ ನಡುಕ ನನಗೆ ಗೊತ್ತು.

ವಾರ್ಡನ್ ಕಣ್ಣಲ್ಲಿ ನೀರು. ನನ್ನ ಹತ್ತಿರ ಬಂದು ಮೆಲ್ಲಗೆ, "ಒಂಚೂರು ಕೈ ಕೊಡಿ, ಪರವಾಗಿಲ್ಲ. ನಾನು ನೋಡಲಿಲ್ಲ ಅಂದ್ಕೊಳ್ತೀನಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನಾಲ್ಕು ಹೆಜ್ಜೆ ದೂರದಲ್ಲಿ ಅವಳಿದ್ದಳು. ಒಂದು ಕೈ ಸಾಕಾಗಿತ್ತು.

"ಬೇಡ ಮೇಡಂ," ಎಂದೆ. "ಹತ್ತಿದ್ರೆ ಹತ್ತಿದ್ಲು ಅನ್ನಿ. ಹತ್ತದಿದ್ರೆ ಆಗಲಿಲ್ಲ ಅನ್ನಿ."

ಇಷ್ಟು ನಿರ್ದಯಿ ತಂದೆಯನ್ನು ಅವರು ನೋಡಿರಲಿಕ್ಕಿಲ್ಲ. ಮಗಳು ನನ್ನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದಳು. ಕುರ್ಚಿಯನ್ನು ಹಿಂದಕ್ಕೆ ತೆಗೆದು, ಮಂಚಕ್ಕೆ ಎದುರಾಗಿ ನಿಲ್ಲಿಸಿದಳು. ಹಾಗೆ ನಾವು ಯಾರೂ ಕಲಿಸಿರಲಿಲ್ಲ. ಎದ್ದು ನಿಂತು, ಸೀದಾ ಮುಂದಕ್ಕೆ ಹಾಸಿಗೆ ಮೇಲೆ ಎದೆ ಕೊಟ್ಟು ಬಿದ್ದಳು. ಆ ಕಡೆ ಅಂಚು ಎರಡು ಕೈಯಲ್ಲಿ ಹಿಡಿದು, ಕಾಲಿನಿಂದ ನೆಲ ಒದ್ದು, ಗೋಡೆ ಹಾರುವ ಕಳ್ಳನ ಹಾಗೆ ಹೊಟ್ಟೆಯ ಮೇಲೆ ತೆವಳಿ ಹತ್ತಿದಳು. ನೋಡಲು ಚೆನ್ನಾಗಿರಲಿಲ್ಲ. ಕೂದಲೆಲ್ಲ ಬಾಯಿಗೆ ಬಂದಿತ್ತು. ಮಗ್ಗುಲಾಗಿ ಎದ್ದು ಕೂತು, "ಹೀಗೆ ಹತ್ತಬಹುದಾ ಮೇಡಂ?" ಎಂದು ಕೇಳಿದಳು.

ಹೇಗಾದರೂ ಹತ್ತಬಹುದು ಎಂದರು ವಾರ್ಡನ್.

ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆ ಹೋದಳು. ತಲೆ ನನ್ನ ಭುಜದ ಮೇಲಿತ್ತು. ಅಲುಗಾಡದೆ ಕೂತಿದ್ದೆ.

ಆಗಸ್ಟ್ 5

ಅವಳನ್ನು ಬಿಟ್ಟುಬಂದು ಮೂರು ದಿನ. ಸಂಜೆ ಫೋನು ಬಂತು. ಅವಳ ಬಾಯಿಗೆ ಬಿಡುವಿಲ್ಲ. ಪಕ್ಕದ ಮಂಚದ ಹುಡುಗಿ ಗೊರಕೆ ಹೊಡೆಯುತ್ತಾಳಂತೆ. ಮೇಷ್ಟ್ರು ಮಗಳ ಕೆತ್ತನೆ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರಂತೆ, ಹೇಗೆ ಮಾಡಬಾರದು ಎಂದು. ಎಲ್ಲ ಹೇಳಿ ಕೊನೆಗೆ, ಬೆಳಿಗ್ಗೆ ಮಂಚದ ಹತ್ತಿರ ಬಿದ್ದೆ, ಅದಕ್ಕೇ ಮೊದಲ ಕ್ಲಾಸು ತಪ್ಪಿತು ಎಂದಳು. ಗೊರಕೆಯ ಹುಡುಗಿ ಎತ್ತಲು ಬಂದಳಂತೆ, ಮಗಳೇ ಬೇಡ ಎಂದಳಂತೆ.

ಎರಡನೇ ಕ್ಲಾಸಿನಲ್ಲಿ ಯಾವ ಹಲ್ಲು ಎಂದು ಕೇಳಿದೆ. ಕೋರೆಹಲ್ಲು ಎಂದಳು. ಅದರ ಬೇರು ಎಷ್ಟು ಉದ್ದ ಎಂದು ಬಹಳ ಹೊತ್ತು ಹೇಳಿದಳು.

ಫೋನಿಟ್ಟ ಮೇಲೆ ಇವಳು ನನ್ನ ಮೇಲೆ ಹರಿಹಾಯ್ದಳು. "ಬಿದ್ದೆ ಅಂತ ಹೇಳ್ತಿದಾಳೆ, ನೀವು ಹಲ್ಲಿನ ವಿಷಯ ಕೇಳ್ತೀರಲ್ಲ."

"ಎದ್ದ ಮೇಲೆ ತಾನೇ ಫೋನ್ ಮಾಡಿದ್ದು," ಎಂದೆ.